ಹೆಣದ ಕೆಳಗೆ ದಾಟುವವರು

ಪೊನಿರಾ ಕೇದಗೆಯ ಜಾತಿಯ ಪರಿಮಳದ ಪಾಂಡನ್ ಎಲೆಗಳನ್ನು ಒಂದರ ಮೇಲೊಂದು ಜೋಡಿಸಿ ಎಳೆ ಎಳೆಯಾಗಿ ಹೆಚ್ಚುತ್ತಿದ್ದಳು. ಎದುರಿಗೆ ಕೂತ ಶರ್ಲಿ, ಅವಳ ತಮ್ಮನ ಮಗಳು, ಗುಲಾಬಿಯ ಎಸಳು ಬಿಡಿಸಿ ತಟ್ಟೆಗೆ ಹಾಕುತ್ತಿದ್ದಳು. ಸ್ಮಶಾನದ ದಾರಿಗೆ ಚೆಲ್ಲುವಷ್ಟು ಎಲೆ ಆಗಲೇ ಬುಟ್ಟಿ ತುಂಬಿತ್ತು. ಆದರೂ ಪೊನಿರಾಳ ಚಾಕು ನಿಲ್ಲಲಿಲ್ಲ.

ನಡುಮನೆಯಲ್ಲಿ ಅವಳ ಗಂಡ ವಾಕಿದಿ ಬಿಳಿ ಬಟ್ಟೆಯೊಳಗೆ ಮಲಗಿದ್ದ. ನಿನ್ನೆ ಸಂಜೆ ಕಾಫಿ ಕೇಳಿದವನು ಅದು ಕುದಿಯುವಷ್ಟರಲ್ಲಿ ಹೋಗಿಬಿಟ್ಟಿದ್ದ.

ಅಂಗಳದಲ್ಲಿ ಶಾಮಿಯಾನದ ಕೆಳಗೆ ಗಂಡಸರು ಕೂತಿದ್ದರು.

"ರಿಪೇರಿಗೆ ಕೊಟ್ಟ ನನ್ನ ಸೈಕಲ್ ಅವನ ಹತ್ರಾನೇ ಇದೆ ಕಣಯ್ಯಾ. ನಾಳೆ ಕೊಡ್ತೀನಿ ಅಂದಿದ್ದ."

"ಯಾವ ವರ್ಷದ ನಾಳೆ?"

ಯಾರೋ ನಕ್ಕು, ನಕ್ಕಿದ್ದನ್ನು ಮುಚ್ಚಲು ಕೆಮ್ಮಿದರು.

ತಮ್ಮ ಸಾರ್ಮೊ ಅಡುಗೆಮನೆಯ ಬಾಗಿಲಿಗೆ ಬಂದ. "ಅಕ್ಕಾ, ಗುಂಡಿ ಆಯ್ತಂತೆ. ಬಿಸಿಲು ನೋಡು. ಇನ್ನೂ ಎಷ್ಟು ಹೊತ್ತು ಇಡೋದು?"

"ಅವನ ತಂಗಿ ಬರ್ಲಿ."

"ಫೋನಲ್ಲಿ ಸಿಕ್ಕಿದ ನೆಂಟರು ಫೋನಲ್ಲೇ ಇರ್ತಾರೆ ಕಣೇ."

"ಸೇತುವೆ ದಾಟಿದೀವಿ ಅಂತ ಬರ್ದಿದಾರೆ ಅಪ್ಪಾ," ಎಂದಳು ಶರ್ಲಿ.

ಪೊನಿರಾ ಇನ್ನೊಂದು ಎಲೆ ಎತ್ತಿಕೊಂಡಳು. ಬರುವುದಿಲ್ಲವೇನೋ ಎಂಬ ಭಯ ಅವಳಿಗೆ ಇರಲಿಲ್ಲ. ಬಂದಮೇಲೆ ಏನು ಎಂಬುದೇ ಭಯವಾಗಿತ್ತು.

*

ವಾಕಿದಿಗೆ ಹೆತ್ತವರ ನೆನಪಿರಲಿಲ್ಲ. ಜ್ವರದಲ್ಲಿ ತಾಯಿ ಸತ್ತಾಗ ತೋಟದ ಸಾಲುಮನೆಯ ಪಕ್ಕದವರು ಅವನನ್ನು ಎತ್ತಿಕೊಂಡು ಬಂದು ಸಾಕಿದ್ದರು. ಅನ್ನಕ್ಕೆ ಕಡಿಮೆ ಮಾಡಲಿಲ್ಲ, ಹೊಡೆಯಲೂ ಇಲ್ಲ.

ಸಾಕಿದಪ್ಪ ಸತ್ತ ದಿನ ಹೊತ್ತವರು ಹೆಣವನ್ನು ಹೆಗಲಿನ ಮೇಲೆ ಎತ್ತಿ ನಿಂತರು. ಸತ್ತವರ ರಕ್ತದ ಕಿರಿಯರು ಅದರ ಕೆಳಗೆ ದಾಟಬೇಕು. ದಾಟಿದರೆ ಸತ್ತವರ ಭಾರ ಇಳಿಯುತ್ತದೆ, ಅವರು ಹಿಂದೆ ನೋಡದೆ ಹೋಗುತ್ತಾರೆ. ಮಕ್ಕಳು, ಮೊಮ್ಮಕ್ಕಳು ಸಾಲಾಗಿ ಬಗ್ಗಿ ದಾಟಿದರು. ಸಾಲಿನ ಕೊನೆಯಲ್ಲಿ ವಾಕಿದಿಯೂ ನಿಂತಿದ್ದ. ಯಾರೋ ಮೆಲ್ಲಗೆ ಅವನ ಅಂಗಿಯ ಕೊರಳು ಹಿಡಿದು ಹಿಂದಕ್ಕೆ ಎಳೆದರು. "ನೀನಲ್ಲ ಮಗಾ."

ಇದನ್ನು ಅವನು ಪೊನಿರಾಳಿಗೆ ಹೇಳಿದ್ದು ಮದುವೆಯಾಗಿ ಎಷ್ಟೋ ಕಾಲದ ಮೇಲೆ, ಇನ್ನು ಮಕ್ಕಳಾಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಾದಮೇಲೆ. ಸೈಕಲಿನ ಚಕ್ರ ತಿರುಗಿಸುತ್ತ, ಅದನ್ನೇ ನೋಡುತ್ತ ಕೇಳಿದ್ದ: "ನನ್ನ ಕೆಳಗೆ ಯಾರು ದಾಟ್ತಾರೆ?"

*

ಹಿಂದೆ ತೋಟದ ಕೂಲಿಗೆಂದು ಜಾವಾದಿಂದ ದಕ್ಷಿಣ ಅಮೆರಿಕದ ಈ ಸುರಿನಾಮಿಗೆ ಹಡಗಿನಲ್ಲಿ ಬಂದವರ ಹೆಸರುಗಳೆಲ್ಲ ಈಗ ಫೋನಿನಲ್ಲೇ ಸಿಗುತ್ತವೆ ಎಂದವಳು ಶರ್ಲಿ. ಪೊನಿರಾ ದಿನವೂ ಸಂಜೆ ಅವಳ ಪಕ್ಕ ಕೂತಳು. ವಾಕಿದಿಗೆ ಗೊತ್ತಿದ್ದದ್ದು ತಾಯಿಯ ಹೆಸರು, ತೋಟದ ಹೆಸರು, ಇಷ್ಟೆ. ಅದನ್ನು ಹಿಡಿದು ಅಜ್ಜಿ ತುಮಿರಾ ಸಿಕ್ಕಳು. ಊರು, ಹಡಗು, ಗಲ್ಲದ ಮೇಲೊಂದು ಗಾಯದ ಗುರುತು, ಎತ್ತರ, ಎಲ್ಲ ಬರೆದಿತ್ತು.

ವಾಕಿದಿ ಎದ್ದು ಅಳತೆಪಟ್ಟಿ ತಂದ. ಬಾಗಿಲ ಚೌಕಟ್ಟಿನ ಮೇಲೆ ಆ ಎತ್ತರಕ್ಕೆ ಸೀಸದಕಡ್ಡಿಯಿಂದ ಗೆರೆ ಎಳೆದು ಪಕ್ಕದಲ್ಲಿ ನಿಂತ. ಗೆರೆ ಅವನ ಎದೆಗೆ ಬಂತು.

"ಇಷ್ಟೇ ಇದ್ಲಾ? ಇಷ್ಟು ಪುಟ್ಟವಳು ಸಮುದ್ರ ದಾಟಿದ್ಲಾ?"

ಅದೇ ಅಜ್ಜಿಯನ್ನು ಇನ್ನೊಬ್ಬಳೂ ಹುಡುಕುತ್ತಿದ್ದಳು. ನದಿಯಾಚೆಯ ಊರಿನವಳು, ವಾಕಿದಿಯ ಚಿಕ್ಕಮ್ಮನ ಮಗಳು. ಹೆಸರು ರಾಬಿಯಾ.

ಆ ಹೆಸರು ಕೇಳಿದೊಡನೆ ಅವಳು ಮೂಡಣದವಳೆಂದು ಪೊನಿರಾಳಿಗೆ ಗೊತ್ತಾಯಿತು. ಜಾವಾದಲ್ಲಿ ಅಜ್ಜಂದಿರು ಪಡುವಣಕ್ಕೆ ತಿರುಗಿ ನಮಾಜು ಮಾಡುತ್ತಿದ್ದರು. ಹಡಗಿಳಿದು ಇಲ್ಲಿಗೆ ಬಂದಮೇಲೂ ಪಡುವಣಕ್ಕೇ ತಿರುಗಿದರು. ಇಲ್ಲಿಂದ ಮೆಕ್ಕಾ ಮೂಡಣಕ್ಕಿದೆ ಎಂದು ಆಮೇಲೆ ಕೆಲವರು ಹೇಳಿ ಆ ಕಡೆಗೆ ತಿರುಗಿದರು. ಹಾಗೆ ತಿರುಗಿದವರು ಮಕ್ಕಳಿಗೆ ಅರಬ್ಬಿ ಹೆಸರಿಟ್ಟರು. ಸತ್ತವರಿಗೆ ಎಡೆಯಿಡುವುದನ್ನು, ಹೂ ಚೆಲ್ಲುವುದನ್ನು, ಹೆಣದ ಕೆಳಗೆ ದಾಟುವುದನ್ನು ಪಾಪವೆಂದು ಬಿಟ್ಟರು. ಪೊನಿರಾಳ ಮನೆಯವರು ಇಂದಿಗೂ ಪಡುವಣದವರು.

ರಾಬಿಯಾ ಫೋನಿನಲ್ಲಿ "ಅಣ್ಣಾ" ಎಂದಳು. ವಾಕಿದಿ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದ. ಆಮೇಲೆ ಹೆಂಡತಿಯನ್ನು ಕೇಳಿದ, "ಅವಳು ದಾಟ್ತಾಳೆ ಅಲ್ವಾ?"

"ದಾಟ್ದೆ ಏನು? ನಿನ್ನ ರಕ್ತ ತಾನೇ," ಎಂದಿದ್ದಳು ಪೊನಿರಾ.

*

ಕಾರು ಬಂದು ನಿಂತಿತು. ಬೂದು ಬಣ್ಣದ ತಲೆವಸ್ತ್ರ ಬಿಗಿದುಕೊಂಡ ಹೆಂಗಸು ಇಳಿದಳು. ಹಿಂದೆ ಅವಳ ಮಗಳು. ರಾಬಿಯಾ ಚಪ್ಪಲಿ ಬಿಟ್ಟು ನೇರ ಒಳಗೆ ಹೋಗಿ ಹೆಣದ ಪಕ್ಕ ಕೂತು, ಮುಖದ ಬಟ್ಟೆ ಸರಿಸಿ ನೋಡಿದಳು. ಮೊದಲ ಸಲ ನೋಡುತ್ತಿದ್ದಳು.

"ನಮ್ಮಮ್ಮನ ಹಣೆ," ಎಂದು ಅತ್ತಳು. ಅದು ನಟನೆಯಾಗಿರಲಿಲ್ಲ. ಬಾಗಿಲಲ್ಲಿ ನಿಂತ ಹೆಂಗಸರೂ ಕಣ್ಣೊರೆಸಿಕೊಂಡರು.

ಪೊನಿರಾ ಅವಳನ್ನು ಕೈಹಿಡಿದು ಅಡುಗೆಮನೆಗೆ ಕರೆತಂದಳು. "ತಂಗೀ, ಈಗ ಎತ್ತುತ್ತಾರೆ. ನೀನೂ ಮಗಳೂ ಕೆಳಗೆ ದಾಟಬೇಕು. ಅವನಿಗೆ ಬೇರೆ ಯಾರೂ ಇಲ್ಲ."

ರಾಬಿಯಾ ಹೂವಿನ ಬುಟ್ಟಿ ನೋಡಿದಳು. "ಅಕ್ಕಾ, ಅದು ನಮ್ಮಲ್ಲಿಲ್ಲ. ಅಣ್ಣನಿಗೆ ದುವಾ ಮಾಡ್ತೀನಿ. ದಿನಾ ಮಾಡ್ತೀನಿ."

"ದುವಾ ಮಾಡೋರು ಅಂಗಳದ ತುಂಬ ಇದಾರಮ್ಮ."

"ಗೋರಿ ಯಾವ ಕಡೆ ಮುಖ ಮಾಡಿ ತೋಡಿದಾರೆ?"

"ಪಡುವಣಕ್ಕೆ."

ರಾಬಿಯಾ ತಲೆ ತಗ್ಗಿಸಿದಳು. "ಅದಕ್ಕೇ ನನ್ನ ಗಂಡ ಬರ್ಲಿಲ್ಲ. ನೀನೂ ಹೋಗ್ಬೇಡ ಅಂದ್ರು. ಜಗಳ ಮಾಡಿ ಬಂದಿದೀನಿ ಅಕ್ಕಾ. ಇನ್ನೊಂದು ಕೇಳ್ಬೇಡಿ."

ಹೊರಗೆ ಪ್ರಾರ್ಥನೆ ಹೇಳುವ ಕಾಸಾನ್ ಗಂಟಲು ಸರಿಮಾಡಿಕೊಂಡ. ಗಂಡಸರು ಒಳಗೆ ಬಂದು ಚಟ್ಟಕ್ಕೆ ಹೆಗಲು ಕೊಟ್ಟರು. ಅಂಗಳಕ್ಕೆ ತಂದು, ರೂಢಿಯಂತೆ ಎತ್ತರಿಸಿ ನಿಂತರು. ಮರಳಿನ ಮೇಲೆ ಉದ್ದನೆಯ ನೆರಳು ಬಿತ್ತು. ಅದರೊಳಗೆ ಯಾರೂ ಕಾಲಿಡಲಿಲ್ಲ.

ಶರ್ಲಿ ಒಂದು ಹೆಜ್ಜೆ ಮುಂದಿಟ್ಟಳು.

"ಏಯ್, ನೀನಲ್ಲ," ಎಂದ ಸಾರ್ಮೊ, ಅಭ್ಯಾಸಬಲದಿಂದ. ಅವಳು ನಿಂತಳು.

"ಭಾರ ಕಣಯ್ಯಾ," ಎಂದ ಹೊತ್ತವರಲ್ಲೊಬ್ಬ. "ನಡೀರಿ ಅಂದ್ರೆ ನಡೀತೀವಿ."

ಸಾರ್ಮೊ ಅಕ್ಕನ ಮುಖ ನೋಡಿದ. ಪೊನಿರಾ ಬೇಲಿಯ ಕಡೆ ನೋಡಿದಳು. ರಾಬಿಯಾ ಬೇಲಿಯ ಹತ್ತಿರ ಮಗಳ ತೋಳು ಹಿಡಿದು, ಕಣ್ಣು ಮುಚ್ಚಿ, ತುಟಿ ಆಡಿಸುತ್ತಿದ್ದಳು. ಹುಡುಗಿ ಮಾತ್ರ ಕಣ್ಣು ಬಿಟ್ಟು ನೋಡುತ್ತಿದ್ದಳು.

ಹೆಂಡತಿಯಾದವಳು ದಾಟುವ ಪದ್ಧತಿಯಿಲ್ಲ. ಪೊನಿರಾ ಉಟ್ಟ ಬಟ್ಟೆ ಎತ್ತಿ ಹಿಡಿದು ಬಗ್ಗಿ, ಗಂಡನ ನೆರಳಿನೊಳಗೆ ನಡೆದು, ನಡುವೆ ನಿಂತಳು. ಕಾಸಾನ್‌ನ ಬಾಯಿಂದ "ಅಯ್ಯೋ" ಎಂದು ಬಂತು. ಅವಳು ಬಗ್ಗಿದಲ್ಲಿಂದಲೇ ಬೇಲಿಯ ಬಳಿಯ ಆ ಹುಡುಗಿಯ ಕಡೆಗೆ ಕೈ ಚಾಚಿದಳು.

"ಬಾಮ್ಮಾ. ಒಂದ್ಸಲ ಬಂದು ಹೋಗು."