ಪೆಟಿಗ್ರೂ ಜಿಗಿತ

ವರ್ಡೆಲ್ ಹಾಪ್ಸನ್ ಬೆಳಗಿನಿಂದ ಆರ್ಗನ್ ಮುಂದಿನ ಬೆಂಚನ್ನು ಒರೆಸುತ್ತಲೇ ಇದ್ದ.

"ಸಾಕು ಮಾರಾಯ, ಬಣ್ಣ ಕಿತ್ತು ಬರುತ್ತೆ," ಎಂದ ಡ್ರಮ್ಸ್ ನುಡಿಸುವ ರಾಸ್ಕೋ. "ಬರ್ತಿರೋದು ಮುದುಕಿ. ಇಂಗ್ಲೆಂಡಿನ ರಾಣಿ ಅಲ್ಲ."

"ರಾಣಿ ಆಗಿದ್ರೆ ಒರೆಸ್ತಾನೇ ಇರಲಿಲ್ಲ."

ಅದು ಪಿಟ್ಸ್‌ಬರ್ಗಿನ ಹಿಲ್ ಬಡಾವಣೆಯಲ್ಲಿ, ಹಲ್ಲಿನ ಡಾಕ್ಟರ್ ವಿಟ್ಲೋ ಅವರ ಮನೆಯ ನೆಲಮಾಳಿಗೆ. ವಾರವೆಲ್ಲ ಹಲ್ಲು ಕಿತ್ತು, ಶನಿವಾರ ಅಲ್ಲಿ ಕೂತು ಸಂಗೀತ ರೆಕಾರ್ಡ್ ಮಾಡುವುದು ಡಾಕ್ಟರರ ಚಟ. ವರ್ಡೆಲ್ ಮಾಡುತ್ತಿದ್ದದ್ದು ಸತ್ತುಹೋದ ಗಿಟಾರ್ ವಾದಕ ಲೂಷಸ್ ಪೆಟಿಗ್ರೂ ನೆನಪಿಗೆ ಒಂದು ಆಲ್ಬಮ್. ಹಿಲ್‌ನಲ್ಲಿ ಗಿಟಾರ್ ಹಿಡಿದವರೆಲ್ಲ ಲೂಷಸ್‌ನನ್ನು ನಕಲು ಮಾಡಿಯೇ ಶುರುಮಾಡಿದವರು. ಹೆಚ್ಚಿನವರು ಅಲ್ಲೇ ನಿಂತರು. ತಾನು ದಾಟಿದ್ದೇನೆ ಎಂದು ವರ್ಡೆಲ್ ನಂಬಿದ್ದ.

ಏಳು ಟ್ಯೂನ್ ಮುಗಿದಿದ್ದವು. ಉಳಿದದ್ದು ಎಲ್ಲಕ್ಕಿಂತ ಹೆಸರುವಾಸಿಯಾದ 'ಮಂಗಳವಾರದ ಕೋಳಿ'. ಅದರ ಮೂಲ ರೆಕಾರ್ಡಿನಲ್ಲಿ ಆರ್ಗನ್ ನುಡಿಸಿದವಳು ಲೂಷಸ್‌ನ ಅಕ್ಕ ಒಡೆಸ್ಸಾ. ತಮ್ಮ ತೀರಿಕೊಂಡ ಮೇಲೆ ಆಕೆ ಚರ್ಚಿನಲ್ಲಿ ಬಿಟ್ಟರೆ ಬೇರೆಲ್ಲೂ ಆರ್ಗನ್ ಮೇಲೆ ಕೈ ಇಟ್ಟಿರಲಿಲ್ಲ. ಚಳಿಗಾಲ ಪೂರ್ತಿ ವರ್ಡೆಲ್ ಒಲೆಯಲ್ಲಿ ಬೇಯಿಸಿದ ಸಿಹಿಗೆಣಸಿನ ಪೈ ಹೊತ್ತುಕೊಂಡು ಆಕೆಯ ಮನೆಗೆ ಅಲೆದಿದ್ದ. ಕೊನೆಗೆ ಆಕೆ ಹೇಳಿದ್ದು ಇಷ್ಟೇ: "ಬಂದು ಕೇಳ್ತೀನಿ. ಸರಿ ಅನ್ನಿಸಿದ್ರೆ ಕೂತು ನುಡಿಸ್ತೀನಿ. ಇಲ್ಲಾಂದ್ರೆ ಬ್ಯಾಗ್ ಎತ್ತಿಕೊಂಡು ಹೋಗ್ತೀನಿ. ಪೈ ಮಾತ್ರ ವಾಪಸ್ ಕೊಡಲ್ಲ."

ಆಕೆ ಹೋಗಿಬಿಟ್ಟರೆ ಆಲ್ಬಮ್‌ಗೆ ಮೂರು ಕಾಸಿನ ಬೆಲೆ ಇಲ್ಲ ಎಂದು ವರ್ಡೆಲ್‌ಗೆ ಗೊತ್ತಿತ್ತು. ಸತ್ತವನ ಟ್ಯೂನ್ ನುಡಿಸುವ ಗಿಟಾರಿನವರು ಊರ ತುಂಬ ಇದ್ದರು. ಸತ್ತವನ ಅಕ್ಕನಿಂದ 'ಸರಿ' ಎನ್ನಿಸಿಕೊಂಡವರು ಯಾರೂ ಇರಲಿಲ್ಲ.

ಆದರೂ ಅವನಿಗೆ ಧೈರ್ಯವಿತ್ತು. ಕಾರಣ, ಜಿಗಿತ. 'ಮಂಗಳವಾರದ ಕೋಳಿ'ಯ ಎರಡನೇ ಸುತ್ತಿನಲ್ಲಿ ಒಂದು ಕಡೆ ತಾಳ ಎರಡು ಬೀಟು ಹಾರುತ್ತದೆ; ಇಳಿಯುವಾಗ ಮೆಟ್ಟಿಲೊಂದು ಮಾಯವಾದ ಹಾಗೆ. ಹಿಲ್‌ನಲ್ಲಿ ಅದಕ್ಕೆ 'ಪೆಟಿಗ್ರೂ ಜಿಗಿತ' ಎಂದೇ ಹೆಸರು. ಅದನ್ನು ಎಡವದೆ ನುಡಿಸಿದವನು ಗಂಡಸು, ಎಡವಿದವನು ಹೋಗಿ ಬಸ್ ಓಡಿಸಬಹುದು. ವರ್ಡೆಲ್ ಹದಿಹರೆಯದಲ್ಲಿ ಫ್ಲಾಯ್ಡ್‌ನ ಕ್ಷೌರದಂಗಡಿಯಲ್ಲಿ ರೆಕಾರ್ಡು ಕೇಳಿ ಕೇಳಿ ಅದನ್ನು ಬೆರಳಿಗೆ ಹತ್ತಿಸಿಕೊಂಡಿದ್ದ. ದೊಡ್ಡವನಾದ ಮೇಲೆ ಕಾಲೇಜಿನಲ್ಲಿ ಅದರ ಮೇಲೆ ಭಾಷಣ ಮಾಡಿದ್ದ. ಹಿಲ್‌ನ ಕಡಿದಾದ ಬೀದಿಗಳು, ಕಪ್ಪು ಜನರ ನಡಿಗೆ, ಇನ್ನೂ ಏನೇನೋ ಅದರಲ್ಲಿ ಇದೆ ಎಂದು ತೋರಿಸಿಕೊಟ್ಟಿದ್ದ.

ಮಿಸ್ ಒಡೆಸ್ಸಾ ನೇರಳೆ ಹ್ಯಾಟು ಹಾಕಿಕೊಂಡು ಬಂದಳು. ಬೆಂಚಿನ ಮೇಲೆ ಕೂರದೆ ಕುರ್ಚಿ ಎಳೆದುಕೊಂಡಳು.

"ಹ್ಞೂಂ, ನುಡಿಸಿ."

ಇಬ್ಬರೂ ನುಡಿಸಿದರು. ಜಿಗಿತ ಬಂತು. ಬೆಣ್ಣೆಯಲ್ಲಿ ಚಾಕು ಹೋದಂತೆ ಹೋಯಿತು. ವರ್ಡೆಲ್ ಓರೆಗಣ್ಣಿನಿಂದ ನೋಡಿದ. ಆಕೆ ಕೈ ಎತ್ತಿದ್ದಳು.

"ನಿಲ್ಲಿಸು. ಅಲ್ಲಿ ಏನಾಯ್ತು?"

"ಎಲ್ಲಿ ಮ್ಯಾಮ್?"

"ಎರಡು ಬೀಟು ಎಲ್ಲಿ ಹೋಯ್ತು? ಯಾರು ತಿಂದ್ರಿ?"

ರಾಸ್ಕೋ ಕೋಲಿನಿಂದ ವರ್ಡೆಲ್ ಕಡೆ ತೋರಿಸಿದ.

"ಅದೇ ಜಿಗಿತ, ಮಿಸ್ ಒಡೆಸ್ಸಾ," ಎಂದ ವರ್ಡೆಲ್. "ನಿಮ್ಮ ತಮ್ಮನದ್ದು. ರೆಕಾರ್ಡಿನಲ್ಲಿ ಇದೆಯಲ್ಲ."

"ಯಾವ ರೆಕಾರ್ಡು?"

"ಫ್ಲಾಯ್ಡ್ ಅಂಗಡೀದು."

ಆಕೆ ಅವನನ್ನೇ ನೋಡಿದಳು. ಆಮೇಲೆ ನಗಲು ಶುರುಮಾಡಿದಳು. ಹ್ಯಾಟು ಜಾರಿತು. ಡಾಕ್ಟರ್ ವಿಟ್ಲೋ ಗಾಬರಿಯಾಗಿ ರೆಕಾರ್ಡಿಂಗ್ ಕೋಣೆಯ ಗಾಜಿನ ಆಚೆಯಿಂದ ನೀರು ತಂದರು.

"ಆ ರೆಕಾರ್ಡಿನ ಮೇಲೆ ಫ್ಲಾಯ್ಡ್ ಕೂದಲು ಕತ್ತರಿಸೋ ಮೆಶೀನು ಬೀಳಿಸಿದ್ದ ಕಣೋ ಮಗನೇ! ಗೀರು ಬಿದ್ದಿತ್ತು. ಪ್ಲೇಯರಿನ ಮುಳ್ಳು ಅಲ್ಲಿಗೆ ಬಂದ್ರೆ ಎರಡು ಬೀಟು ಹಾರ್ತಿತ್ತು. ಆ ಜಿಪುಣ ಇನ್ನೊಂದು ಕೊಳ್ಳಲಿಲ್ಲ."

"ಆದ್ರೆ... ಊರೆಲ್ಲ..."

"ಊರೆಲ್ಲ ಅಲ್ಲೇ ತಾನೇ ತಲೆ ಬೋಳಿಸಿಕೊಂಡಿದ್ದು? ಲೂಷಸ್ ಒಂದು ಸಲ ಇಲ್ಲೇ ಕ್ಲಬ್ಬಿನಲ್ಲಿ ಸರಿಯಾಗಿ ನುಡಿಸಿದ. 'ಅಯ್ಯೋ, ನಿಂಗೆ ನಿನ್ನ ಟ್ಯೂನೇ ಮರೆತುಹೋಗಿದೆ' ಅಂದ್ರಂತೆ ಜನ. ಅವತ್ತಿಂದ ಹಿಲ್‌ನಲ್ಲಿ ಅದನ್ನ ಮುಟ್ಟಲೇ ಇಲ್ಲ ಅವನು."

ವರ್ಡೆಲ್ ಕಿವಿ ಬಿಸಿಯಾಯಿತು. ಲೂಷಸ್ ಅದನ್ನು ನುಡಿಸದೇ ಇದ್ದದ್ದು ದೊಡ್ಡ ಕಲಾವಿದರ ವಿನಯ ಎಂದೂ ಅವನು ಭಾಷಣದಲ್ಲಿ ಹೇಳಿದ್ದ.

"ಹಾಗಾದ್ರೆ ಆ ಎರಡು ಬೀಟಲ್ಲಿ ಲೂಷಸ್ ಏನು ನುಡಿಸ್ತಿದ್ರು?"

"ಏನೂ ಇಲ್ಲ. ಅವನ ಕನ್ನಡಕ ಜಾರ್ತಿತ್ತು. ಕೈ ಬಿಟ್ಟು ಮೇಲಕ್ಕೆ ತಳ್ಳಿಕೊಳ್ತಿದ್ದ. ಅಲ್ಲಿ ನುಡಿಸ್ತಿದ್ದವಳು ನಾನು." ಆಕೆಯ ನಗು ನಿಂತಿತ್ತು. "ಆ ಟ್ಯೂನಲ್ಲಿ ನಾನೊಬ್ಬಳೇ ಕೇಳಿಸೋ ಜಾಗ ಅದು. ಇಷ್ಟು ವರ್ಷದಿಂದ ಈ ಊರು ಗಂಡಸ್ತನ ಅಂದ್ಕೊಂಡು ನನ್ನ ಹಾರಿಕೊಂಡು ಹೋಗ್ತಿದೆ."

ಆಕೆ ಬ್ಯಾಗಿಗೆ ಕೈ ಹಾಕಿದಳು.

"ಹೋಗಬೇಡಿ ಮಿಸ್ ಒಡೆಸ್ಸಾ," ಎಂದ ವರ್ಡೆಲ್. "ಕೂತು ನುಡಿಸಿ. ನಾನು ಕಾಯ್ತೀನಿ ಅಲ್ಲಿ."

"ಕಾಯೋಕೆ ಬರುತ್ತಾ ನಿಂಗೆ?"

ಬರಲಿಲ್ಲ. ಆಕೆ ಬೆಂಚಿಗೆ ಬಂದು ಕೂತಳು, ಶುರುಮಾಡಿದರು, ಆ ಜಾಗ ಬಂತು, ವರ್ಡೆಲ್‌ನ ಬೆರಳುಗಳು ತಾವೇ ಹಾರಿದವು. ಮತ್ತೆ ಮಾಡಿದರು. ಮತ್ತೆ ಹಾರಿದವು. ಇನ್ನೊಂದು ಸಲ ಅವನು ಹಲ್ಲು ಕಚ್ಚಿ ತಡೆದ. ಈಗ ರಾಸ್ಕೋ ಹಾರಿದ.

"ನಾನೂ ಅಲ್ಲೇ ತಲೆ ಬೋಳಿಸಿಕೊಂಡವನು," ಎಂದ ರಾಸ್ಕೋ.

"ಬ್ಯಾಗ್ ಇನ್ನೂ ಇಲ್ಲೇ ಪಕ್ಕದಲ್ಲಿದೆ," ಎಂದಳು ಮಿಸ್ ಒಡೆಸ್ಸಾ. "ಗಿಟಾರಿಂದ ಕೈ ತೆಗೆದು ಮೂಗು ಮುಟ್ಟಿಕೋ."

"ನಂಗೆ ಕನ್ನಡಕ ಇಲ್ವಲ್ಲ ಮ್ಯಾಮ್."

"ಮೂಗು ಇದೆಯಲ್ಲ."

ಮೂರ್ಖನಂತೆ ಅನ್ನಿಸಿದರೂ ವರ್ಡೆಲ್ ಮುಟ್ಟಿಕೊಂಡ. ಆ ಸಂದಿಯಲ್ಲಿ ಆರ್ಗನ್ ಬಂತು. ದಪ್ಪಗೆ, ತುಂಟತನದಿಂದ, ಊಟಕ್ಕೆ ಕೂತವರ ತಟ್ಟೆಯಿಂದ ಒಂದು ತುಂಡು ಎತ್ತಿ ಓಡಿದ ಹಾಗೆ. ಅವನಿಗೆ ಎಷ್ಟು ಹಿಡಿಸಿತೆಂದರೆ ಬೆರಳನ್ನು ಮೂಗಿನ ಮೇಲೇ ಇಟ್ಟುಕೊಂಡು ಕೂತುಬಿಟ್ಟ. ಟ್ಯೂನ್ ಅವನನ್ನು ಬಿಟ್ಟು ಮುಂದೆ ಹೋಯಿತು.

"ಇಳಿಸೋ ಕೈ!" ಎಂದು ಕೂಗಿದಳು ಆಕೆ.

ಅದರ ಮುಂದಿನ ಸಲ ಸರಿಹೋಯಿತು. ಮೂವರೂ ಒಟ್ಟಿಗೆ ಆಚೆ ದಡ ಸೇರಿದರು. ಮುಗಿದಾಗ ಗಾಜಿನ ಹಿಂದೆ ಡಾಕ್ಟರು ಹೆಬ್ಬೆರಳು ಎತ್ತಿದರು.

"ಜನ ನಿಂಗೇ ಬೈತಾರೆ," ಎಂದ ರಾಸ್ಕೋ. "ವರ್ಡೆಲ್‌ಗೆ ಜಿಗಿಯೋಕೆ ಬರಲ್ಲ ಅಂತಾರೆ."

"ಅನ್ನಲಿ," ಎಂದ ವರ್ಡೆಲ್. ಆದರೆ ನೋಡಿದ್ದು ಮಿಸ್ ಒಡೆಸ್ಸಾಳ ಕಡೆ.

"ಸರಿ ಇತ್ತು," ಎಂದಳು ಆಕೆ. "ನನ್ನ ಹೆಸರು ಎಲ್ಲಿ ಹಾಕ್ತೀಯ?"

"ನನ್ನ ಹೆಸರಿನ ಕೆಳಗೆ, ಮ್ಯಾಮ್."

ಆಕೆಯ ಕೈ ಮತ್ತೆ ಬ್ಯಾಗಿನ ಕಡೆ ಹೋಯಿತು.

"ಪಕ್ಕದಲ್ಲಿ," ಎಂದು ವರ್ಡೆಲ್ ತಿದ್ದಿಕೊಂಡ.

ಆಕೆ ಹ್ಯಾಟು ತೆಗೆದು ಆರ್ಗನ್ ಮೇಲಿಟ್ಟಳು. ಹೋಗುವ ಲಕ್ಷಣ ಕಾಣಲಿಲ್ಲ. "ಹಾಗಾದ್ರೆ ಉಳಿದ ಏಳನ್ನೂ ಕೇಳಿಸು. ನನ್ನ ಹೆಸರಿನ ಜೊತೆ ಏನೇನು ಮಾರ್ತೀಯ ಅಂತ ಗೊತ್ತಾಗಬೇಕು. ಅವನ್ನೆಲ್ಲ ಎಲ್ಲಿ ಕಲಿತೆ?"

ವರ್ಡೆಲ್ ಗಿಟಾರಿನ ತಂತಿ ಬಿಗಿಮಾಡುವುದರಲ್ಲಿ ಮುಳುಗಿದ.

"ಫ್ಲಾಯ್ಡ್ ಅಂಗಡೀಲಿ," ಎಂದ ರಾಸ್ಕೋ, ಮತ್ತು ಕಳಚಿಡಲು ಶುರುಮಾಡಿದ್ದ ಡ್ರಮ್ಸಿನ ತಾಳದ ತಟ್ಟೆಗಳನ್ನು ವಾಪಸ್ ತಿರುಪು ಹಾಕಿ ಕೂರಿಸತೊಡಗಿದ.