ಎರಡನೆಯ ಅಂಕದ ನಗು

ಸೋಮವಾರ ಇಡೀ ಹೈಸ್ಕೂಲು ಮಲಗುವ ಬಟ್ಟೆಯಲ್ಲೇ ಎದ್ದು ಬಂದಿತ್ತು. ಹಳೆಯ ವಿದ್ಯಾರ್ಥಿಗಳು ಊರಿಗೆ ಮರಳಿ ಬರುವ ಹೋಮ್‌ಕಮಿಂಗ್ ವಾರವೆಂದರೆ ಹಾಗೆಯೇ, ದಿನಕ್ಕೊಂದು ವೇಷ. ಮಾರ್ಲಾ ಕುಬೇನಾ ಮಾತ್ರ ಎಂದಿನ ಜೀನ್ಸ್ ಹಾಕಿಕೊಂಡು ಬಂದಳು, ಯಾರೂ ಏನೂ ಅನ್ನಲಿಲ್ಲ. ಆಗಸ್ಟಿನಲ್ಲಿ ಅವಳ ಅಣ್ಣ ಡೇಲ್‌ನ ಪಿಕಪ್ ಸೇತುವೆಯಿಂದ ಉರುಳಿ ಅವನು ಹೋದಾಗಿನಿಂದ ಯಾರೂ ಅವಳಿಗೆ ಏನೂ ಅನ್ನುತ್ತಿರಲಿಲ್ಲ. ಗಣಿತದ ಪರೀಕ್ಷೆ ಮಾಫಿ, ಜಿಮ್ ಮಾಫಿ. ಊಟದ ಸಾಲಿನಲ್ಲಿ ಮುಂದೆ ನಿಂತವರು ಸರಿದು ದಾರಿ ಬಿಡುತ್ತಿದ್ದರು, ತುಂಬಿದ ಕೊಡ ಹೊತ್ತವಳು ಬಂದಳೇನೋ ಎನ್ನುವಂತೆ. ಕೊಡದಲ್ಲಿ ಏನೂ ಇರಲಿಲ್ಲ. ಶವಪೆಟ್ಟಿಗೆಯ ಮುಂದೆ ನಿಂತಾಗಲೂ ಅವಳಿಗೆ ಅಳು ಬಂದಿರಲಿಲ್ಲ. ಬೂಟಿನ ದಾರ ಯಾರು ಕಟ್ಟಿದರೋ ಎಂದು ಅವನ ಪಾದದ ಕಡೆ ನೋಡಿದ್ದಳು, ಅಷ್ಟೇ.

ಅವಳಿಗೆಂದು ಉಳಿದಿದ್ದು ಒಂದೇ, ನಾಟಕ. ಆ ಹಳೆಯ ವಿದ್ಯಾರ್ಥಿಗಳಿಗಾಗಿ ಶನಿವಾರ ಮಧ್ಯಾಹ್ನ ಎರಡಕ್ಕೆ ಆಡುವ ನಾಟಕ. ಅದರಲ್ಲಿ ಅವಳು ವಸತಿಗೃಹದ ಒಡತಿ ಮಿಸೆಸ್ ಗ್ರಬ್. ಕಾಟ ಕೊಡುತ್ತಿದ್ದ ಬಾಡಿಗೆದಾರ ಬಾವಿಗೆ ಬಿದ್ದು ಸತ್ತನೆಂಬ ಸುದ್ದಿ ಎರಡನೆಯ ಅಂಕದಲ್ಲಿ ಬರುತ್ತದೆ. ಕೇಳಿದ್ದೇ ಅವಳು ನಗತೊಡಗುತ್ತಾಳೆ. ಅವಳ ನಗುವಿಗೆ ಸಭೆಯೂ ನಗುತ್ತದೆ. ಸಭೆಯ ನಗು ಇಳಿಯುತ್ತಿದ್ದ ಹಾಗೆ, ನಿಜಕ್ಕೂ ಸಾಯದೆ ಬೀರುವಿನಲ್ಲಿ ಅಡಗಿ ಕೂತ ಬಾಡಿಗೆದಾರ ಸೀನಬೇಕು. ಆ ನಗುವನ್ನು ಮಾರ್ಲಾ ತನ್ನ ಅಜ್ಜಿಯ ಕಥೆಯ ಮಾಟಗಾತಿಯಿಂದ ತಂದಿದ್ದಳು. ಹೊಟ್ಟೆಯ ತಳದಲ್ಲಿ ಹುಟ್ಟಿ, ಮೂರು ಮೆಟ್ಟಿಲು ಹತ್ತಿ, ಒಂದು ಇಳಿದು, ಮತ್ತೆ ಹತ್ತುವ ನಗು. ಅದನ್ನು ನಗುವಷ್ಟು ಹೊತ್ತು ಮಾತ್ರ ಅವಳಿಗೆ ತನ್ನ ಮೈಯೊಳಗೆ ಏನೋ ಸದ್ದು ಕೇಳಿಸುತ್ತಿತ್ತು.

ಮಂಗಳವಾರ ನಾಟಕದ ಟೀಚರು ಮಿಸ್ ಓಡಮ್ ಅವಳನ್ನು ಕರೆದರು.

"ಕೂತ್ಕೋ ಪುಟ್ಟಾ. ಗ್ರಬ್ ಪಾತ್ರಾನ ಬೇರೆ ಯಾರಿಗಾದ್ರೂ ಕೊಡೋಣ ಅಂತಿದೀನಿ."

"ನಾನು ಚೆನ್ನಾಗಿ ಮಾಡ್ತಿಲ್ವಾ?"

"ಅಯ್ಯೋ, ಹಾಗಲ್ಲ. ಸಾವಿನ ಸುದ್ದಿ ಕೇಳಿ ನಗೋದು ಕಣೇ ಅದು. ಊರಿಗೆ ಊರೇ ಬಂದು ಕೂತಿರುತ್ತೆ. ನಿಮ್ಮಮ್ಮಾನೂ ಫೋನ್ ಮಾಡಿದ್ರು."

"ನಂಗೇನೂ ಕಷ್ಟ ಇಲ್ಲ, ಮಿಸ್."

"ಅದೇ ನಂಗೆ ಭಯ."

ಮಾರ್ಲಾ ಗೋಡೆಯ ಮೇಲಿನ ಗಡಿಯಾರ ನೋಡಿದಳು. ಶುಕ್ರವಾರದ ಫುಟ್ಬಾಲ್ ಆಟದ ಮಧ್ಯಂತರದಲ್ಲಿ ಮೈದಾನಕ್ಕೆ ಬಂದು ತಂಡದಲ್ಲಿ ಡೇಲ್ ತೊಡುತ್ತಿದ್ದ ಐವತ್ನಾಲ್ಕನೆಯ ನಂಬರಿನ ಅಂಗಿಯನ್ನು ಅವನ ನೆನಪಿಗೆಂದು ಸ್ವೀಕರಿಸಬೇಕೆಂದು ಪ್ರಿನ್ಸಿಪಾಲರು ಮೂರು ಸಲ ಕೇಳಿದ್ದರು, ಮೂರು ಸಲವೂ ಅವಳು ಒಲ್ಲೆ ಎಂದಿದ್ದಳು.

"ಶುಕ್ರವಾರ ಮೈದಾನಕ್ಕೆ ಬರ್ತೀನಿ ಅಂತ ಪ್ರಿನ್ಸಿಪಾಲರಿಗೆ ಹೇಳಿ. ಶನಿವಾರ ನನ್ನನ್ನ ನಗೋಕೆ ಬಿಡಿ."

ಮಿಸ್ ಓಡಮ್ ಕನ್ನಡಕ ತೆಗೆದು ಒರೆಸಿದರು. ಬೇಡವೆನ್ನಲು ಅವರಿಂದ ಆಗಲಿಲ್ಲ.

ಮನೆಯಲ್ಲಿ ಅಮ್ಮ ಕೊಲಾಚಿ ಬನ್ನು ಮಾಡುತ್ತಿದ್ದರು. ಹಿಟ್ಟಿನ ಉಂಡೆಯ ನಡುವೆ ಹೆಬ್ಬೆರಳೊತ್ತಿ, ಹಣ್ಣಿನ ಪಾಕ ತುಂಬಲು ಗುಳಿ ಮಾಡುತ್ತಿದ್ದರು.

"ಊರವರೆದುರಿಗೆ ಹಲ್ಲು ಕಿರಿತೀಯಾ? ಇನ್ನೂ ಎಂಟು ವಾರ ಆಗಿಲ್ಲ."

"ನಾಟಕ ಕಣಮ್ಮಾ."

"ನಾನಂತೂ ಬರಲ್ಲ." ಒತ್ತಿದ ಬೆರಳು ಹಿಟ್ಟನ್ನು ತೂತು ಮಾಡಿ ತಟ್ಟೆಗೆ ತಗಲಿತು.

ಶುಕ್ರವಾರ, ಹೋಮ್‌ಕಮಿಂಗ್ ವಾಡಿಕೆಯಂತೆ, ಹುಡುಗಿಯರೆಲ್ಲ ಎದೆಯ ಮೇಲೆ ತಟ್ಟೆಯಗಲದ ಬಟ್ಟೆಯ ಸೇವಂತಿಗೆ ತೊಟ್ಟು ಬಂದರು. ಹೂವಿನಿಂದ ಮೊಣಕಾಲಿನವರೆಗೆ ರಿಬ್ಬನ್ನುಗಳು, ರಿಬ್ಬನ್ನಿನ ತುದಿಗೆ ಗೆಜ್ಜೆಗಳು. ತರಗತಿಯಲ್ಲಿ ಯಾರು ಅಲುಗಿದರೂ ಘಲ್ಲೆನ್ನುತ್ತಿತ್ತು. ಡೇಲ್ ಪ್ರೀತಿಸಿದ್ದ ಹುಡುಗಿ ರೋಶೆಲ್ ತನ್ನ ಸೇವಂತಿಗೆಗೆ ಕಪ್ಪು ರಿಬ್ಬನ್ ಕಟ್ಟಿ, ಅದರ ಮೇಲೆ ಐವತ್ನಾಲ್ಕು ಎಂದು ಬೆಳ್ಳಿಯಲ್ಲಿ ಬರೆಸಿದ್ದಳು. ನಾಟಕದಲ್ಲಿ ಬಾಡಿಗೆದಾರನ ಪಾತ್ರ ಅವಳದೇ. ಅವಳಿಗೆ ಬೆಳಗ್ಗೆಯೂ ಅಳು, ಸಂಜೆಯೂ ಅಳು. ಮೈದಾನದಲ್ಲಿ ಎಲ್ಲರೆದುರು ಮಾರ್ಲಾಳನ್ನು ತಬ್ಬಿದಾಗ ಇಬ್ಬರ ನಡುವೆ ಗೆಜ್ಜೆಗಳು ಸಿಕ್ಕಿ ನರಳಿದವು.

"ಅತ್ತುಬಿಡೇ ಮಾರ್ಲಾ, ಒಂದ್ಸಲ ಅತ್ತುಬಿಡೇ."

"ನಿನ್ನ ಗೆಜ್ಜೆ ಚುಚ್ತಿದೆ ಕಣೇ."

ಮಡಿಸಿದ ಅಂಗಿ ಕೈಗೆ ಬಂತು. ಸೋಪಿನ ಪುಡಿಯ ವಾಸನೆ, ಮತ್ತೇನೂ ಇಲ್ಲ. ಗ್ಯಾಲರಿಯಲ್ಲಿ ಒಬ್ಬಾಕೆ, "ಗಟ್ಟಿಗಿತ್ತಿ ಪಾಪ," ಎಂದಳು. ಪಕ್ಕದವಳು, "ಗಟ್ಟಿನೋ ಕಲ್ಲೋ," ಎಂದಳು. ಎರಡೂ ಮಾರ್ಲಾಳ ಕಿವಿಗೆ ಬಿದ್ದವು. ಎರಡೂ ಬೇರೆ ಯಾರದೋ ಬಗ್ಗೆ ಎಂಬಂತೆ ದಾಟಿಹೋದವು.

ಶನಿವಾರ ಸಭಾಂಗಣ ತುಂಬಿತ್ತು. ಎರಡನೆಯ ಅಂಕ. ಸುದ್ದಿ ಬಂತು. ಮಾರ್ಲಾ ಸೊಂಟಕ್ಕೆ ಕೈಕೊಟ್ಟು ನಕ್ಕಳು. ಮೂರು ಮೆಟ್ಟಿಲು ಹತ್ತಿ, ಒಂದು ಇಳಿದು, ಮತ್ತೆ ಹತ್ತಿ.

ಒಬ್ಬರೂ ನಗಲಿಲ್ಲ. ಸಭೆ ಚರ್ಚಿನಲ್ಲಿ ಕೂತಂತೆ ಕೂತಿತ್ತು. ಸಭೆ ನಗದ ಮೇಲೆ ಆ ನಗು ಇಳಿಯುವುದೆಲ್ಲಿಂದ ಬಂತು? ಬೀರು ಸೀನಲಿಲ್ಲ. ಮಾರ್ಲಾ ಮತ್ತೊಮ್ಮೆ ನಕ್ಕಳು. ಮೂರನೆಯ ಸಲ ನಗುವಾಗ ಮೆಟ್ಟಿಲುಗಳು ತಪ್ಪಿದವು. ಬಾಯಿಂದ ಹೊರಟದ್ದು ಅಜ್ಜಿಯ ಮಾಟಗಾತಿಯ ಸ್ವರವಲ್ಲ, ಯಾರ ಸ್ವರವೂ ಅಲ್ಲ. ಮೂರನೆಯ ಸಾಲಿನ ತುದಿಯಲ್ಲಿ ಕೈಚೀಲವನ್ನು ಮಡಿಲಲ್ಲಿ ಅವುಚಿಕೊಂಡು ಅಮ್ಮ ಕೂತಿದ್ದರು. ಬಂದಿದ್ದರು.

ಅವಳು ಹೋಗಿ ಬೀರುವಿನ ಬಾಗಿಲನ್ನು ಒಂದು ಗೇಣು ತೆರೆದಳು. ಒಳಗೆ ರೋಶೆಲ್ ಮುಷ್ಟಿ ಕಚ್ಚಿಕೊಂಡು ಬಿಕ್ಕುತ್ತಿದ್ದಳು. ಬಳಿದ ಮೀಸೆ ಕರಗಿ ಗದ್ದಕ್ಕೆ ಇಳಿದಿತ್ತು.

"ಆಗ್ತಿಲ್ಲ ಕಣೇ," ಎಂದಳು ಪಿಸುದನಿಯಲ್ಲಿ.

"ಸರಿ, ಕೂತಿರು."

ಬಾಗಿಲು ಮುಚ್ಚಿ, ಸಭೆಗೆ ಬೆನ್ನು ಮಾಡಿ, ಮಾರ್ಲಾ ತಾನೇ ಸೀನಿದಳು. ಬೀರು ಅದುರುವಂಥ ಸೀನು. ಆಮೇಲೆ ಸರಕ್ಕನೆ ತಿರುಗಿ, ತಾನಲ್ಲವೇ ಅಲ್ಲ ಎಂಬಂತೆ ಬೀರುವನ್ನು ಗದರಿದಳು. "ಥೂ! ಮರಕ್ಕೂ ನೆಗಡಿನಾ?"

ಹಿಂದಿನ ಸಾಲಿನಲ್ಲಿ ಯಾರೋ ಮುದುಕ ಕೆಮ್ಮಿದಂತೆ ನಕ್ಕ. ಆಮೇಲೆ ಒಬ್ಬಳು, ಆಮೇಲೆ ಒಂದು ಸಾಲು, ಆಮೇಲೆ ಇಡೀ ಸಭಾಂಗಣ, ವಾರಗಟ್ಟಲೆ ಹಿಡಿದಿಟ್ಟುಕೊಂಡವರಂತೆ. ಅಮ್ಮ ಕೈಚೀಲವನ್ನು ಬಾಯಿಗೆ ಒತ್ತಿಕೊಂಡಿದ್ದರು, ಭುಜ ಕುಣಿಯುತ್ತಿತ್ತು. ಅದು ನಗುವೋ ಅಲ್ಲವೋ ಅಷ್ಟು ದೂರದಿಂದ ತಿಳಿಯುವಂತಿರಲಿಲ್ಲ.

ಸಭೆಯ ನಗು ಇಳಿಯುವವರೆಗೆ ಮಾರ್ಲಾ, ಮಿಸ್ ಓಡಮ್ ಕಲಿಸಿದಂತೆ, ಕಾದಳು. ಬಾಗಿಲು ತೆಗೆದು, ಮೀಸೆ ಕರಗಿದ ರೋಶೆಲ್‌ಳ ಕೈಹಿಡಿದು ಬೆಳಕಿಗೆ ಎಳೆದಳು. ಮುಂದಿನ ಮಾತು ಮಾರ್ಲಾಳದೇ. ನಲವತ್ತು ಸಲ ಒಪ್ಪಿಸಿದ ಮಾತು, ಒಮ್ಮೆಯೂ ಅದರ ಅರ್ಥದ ಕಡೆ ನೋಡಿರಲಿಲ್ಲ. ಈಗ ನೋಡಿದಳು. ಆದರೂ ಕೊನೆಯ ಸಾಲಿಗೆ ಮುಟ್ಟುವಷ್ಟು ಗಟ್ಟಿಯಾಗಿ ಹೇಳಿದಳು:

"ಅಯ್ಯೋ ನಿನ್ನ, ನೀನು ಸತ್ತೇ ಇಲ್ವಲ್ಲೋ!"