ಮೂರನೇ ಮಹಡಿಯ ಬೆಡ್‌ಶೀಟು

ಬೆಳಿಗ್ಗೆ ಅಜ್ಜಿಯ ಸೊಂಟದ ಮೇಲೆ ಕೂತು ಕೇರಿಯವರನ್ನೆಲ್ಲ ಮಾತಾಡಿಸುತ್ತಿದ್ದ ಮೂರು ವರ್ಷದ ಹುಡುಗಿ ಮಧ್ಯಾಹ್ನಕ್ಕೆ ಮಾತೇ ಆಡಲಿಲ್ಲ. ಮನೆಯವರು ಅವಳನ್ನು ಕರೆಯುತ್ತಿದ್ದದ್ದೇ ಬಾಯಿಬಡುಕಿ ಎಂದು. ಮೈ ಕೆಂಡವಾಗಿತ್ತು. ಉಸಿರೆಳೆದಾಗಲೆಲ್ಲ ಪಕ್ಕೆ ಒಳಗೆ ಹೋಗುತ್ತಿತ್ತು. ಅಜ್ಜಿ ಮಗುವನ್ನು ಎತ್ತಿಕೊಂಡು ಸೀದಾ ಆಸ್ಪತ್ರೆಯ ಹಿಂಬಾಗಿಲಿಗೆ ಓಡಿ ಬಂದಳು. ಮಗುವಿನ ತಾಯಿ ಅಲ್ಲೇ, ನೆಲಮಾಳಿಗೆಯಲ್ಲಿ, ರೋಗಿಗಳ ಬಟ್ಟೆ ಒಗೆಯುತ್ತಿದ್ದಳು.

ತಾಯಿ ಸೋಪಿನ ಕೈಯಲ್ಲೇ ಮಗುವನ್ನು ಕಿತ್ತುಕೊಂಡು ಮೇಲೆ ಓಡಿದಳು. ಡಾಕ್ಟರಮ್ಮ ಎದೆ ಪರೀಕ್ಷಿಸಿ ಗಾಬರಿಯಾದಳು. "ನ್ಯುಮೋನಿಯಾ. ಆಕ್ಸಿಜನ್ ಇರೋ ಹಾಸಿಗೆ ಈಗಲೇ ಬೇಕು."

ದಾಖಲಾತಿ ಕಿಟಕಿಯ ಗುಮಾಸ್ತ ತಲೆಯೆತ್ತಲಿಲ್ಲ. "ಹಾಸಿಗೆ ಖಾಲಿ ಇಲ್ಲಮ್ಮ. ಬೇರೆ ಕಡೆ ಕರ್ಕೊಂಡು ಹೋಗಿ."

"ಬೇರೆ ಕಡೆ ಅಂದ್ರೆ ಎಲ್ಲಿಗಪ್ಪಾ? ದಾರೀಲೇ ಏನಾದ್ರೂ..." ಹಿಂದೆಯೇ ಬಂದ ಅಜ್ಜಿ ಕಿಟಕಿಯ ಸರಳು ಹಿಡಿದುಕೊಂಡಳು.

ಗುಮಾಸ್ತನ ಪುಸ್ತಕ ಸುಳ್ಳು ಹೇಳಬಹುದು, ಕೊಳೆಬಟ್ಟೆಯ ಗಾಡಿ ಹೇಳುವುದಿಲ್ಲ. ಯಾವ ವಾರ್ಡಿನಲ್ಲಿ ಎಷ್ಟು ಜನ ಮಲಗಿದ್ದಾರೆಂದು ಒಗೆಯುವವರಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು?

"ಸುಳ್ಳು ಯಾಕೆ ಹೇಳ್ತೀರಣ್ಣಾ?" ಎಂದಳು ತಾಯಿ. " ಮೂರನೇ ಮಹಡಿಗೆ ಆರು ಬೆಡ್‌ಶೀಟು ಇಸ್ತ್ರಿ ಮಾಡಿ ಕಳಿಸಿದ್ದು ನಾನೇ. ಒಂಬತ್ತು ದಿನ ಆಯ್ತು, ಒಂದಾದ್ರೂ ಒಗೆಯೋಕೆ ಕೆಳಗೆ ಬಂದಿಲ್ಲ. ಅಲ್ಲಿ ಯಾರೂ ಮಲಗೇ ಇಲ್ಲ."

ಗುಮಾಸ್ತನ ಮುಖ ಇಂಗು ತಿಂದ ಮಂಗನಂತಾಯಿತು. "ಅದು ಹೊಸ ವಾರ್ಡು. ನಾಳೆ ದೊಡ್ಡೋರು ಬಂದು ರಿಬ್ಬನ್ ಕತ್ತರಿಸ್ಬೇಕು. ನಿಂಗ್ಯಾಕೆ ಅಧಿಕಪ್ರಸಂಗ?"

ಅಬ್ಬಾ, ಏನು ದರ್ಬಾರು! ಉಸಿರು ನಾಳೆಯವರೆಗೆ ಕಾಯುತ್ತದೆಯೇ? ತಾಯಿ ಮೆಟ್ಟಿಲು ಹತ್ತಿದಳು. ಬಾಗಿಲಿಗೆ ಅಡ್ಡ ಕಟ್ಟಿದ್ದ ಕೆಂಪು ರಿಬ್ಬನ್ನಿನ ಕೆಳಗೆ ನುಸುಳಿ ಮಗುವನ್ನು ಮಲಗಿಸಿದಳು. ಹಿಂದೆಯೇ ಓಡಿಬಂದ ಡಾಕ್ಟರಮ್ಮ ಗೋಡೆಯ ಆಕ್ಸಿಜನ್ ತಿರುಗಿಸಿ ಮಾಸ್ಕ್ ಹಾಕಿದಳು. ಸ್ವಲ್ಪ ಹೊತ್ತಿಗೆ ಮಗುವಿನ ತುಟಿಗೆ ಬಣ್ಣ ಬಂತು. "ಅಮ್ಮಾ" ಎಂದಿತು. ತಾಯಿಗೆ ಹೋದ ಜೀವ ಬಂದಂತಾಯಿತು.

ಅಷ್ಟರಲ್ಲಿ ಮೇಲಧಿಕಾರಿ ಬಂದ, ಇಬ್ಬರು ಕಾವಲುಗಾರರೊಂದಿಗೆ. "ಯಾರ್ರೀ ಬಿಟ್ಟಿದ್ದು? ಬೆಡ್‌ಶೀಟೆಲ್ಲಾ ಕೊಳೆಯಾಯ್ತು!"

"ಕೊಳೆಯಾದ್ರೆ ತೊಳೆಯೋಳು ನಾನೇ ಅಲ್ವೇನ್ರೀ?"

"ಸರ್, ಇಲ್ಲಿಂದ ಎತ್ತಿದ್ರೆ ಮಗು ಉಳಿಯಲ್ಲ," ಎಂದಳು ಡಾಕ್ಟರಮ್ಮ.

"ಎತ್ತದಿದ್ರೆ ನಿಮ್ಮ ಕೆಲಸ ಉಳಿಯುತ್ತಾ?"

ಎತ್ತಿದರು. ತಾಯಿ ಕಾಲಿಗೆ ಬಿದ್ದಳು, ಬೈದಳು, ಕಚ್ಚಿದಳು. ಏನೂ ನಡೆಯಲಿಲ್ಲ. ಕೆಳಗಿನ ಕಾರಿಡಾರಿನ ಬರೀ ನೆಲದ ಮೇಲೆ ಅವರನ್ನು ಬಿಟ್ಟುಹೋದರು. ಡಾಕ್ಟರಮ್ಮ ಸಿಲಿಂಡರ್ ತರುತ್ತೇನೆಂದು ಓಡಿದವಳು ಇನ್ನೂ ಬಂದಿರಲಿಲ್ಲ. ಕಾವಲುಗಾರನೊಬ್ಬ ಬಂದು ಆ ಬೆಡ್‌ಶೀಟನ್ನು ತಾಯಿಯ ಮಡಿಲಿಗೆ ಎಸೆದ.

"ಬೆಳಿಗ್ಗೆಯೊಳಗೆ ಒಗೆದು ಕೊಡ್ಬೇಕಂತೆ."

ನೆಲಮಾಳಿಗೆಯಿಂದ ಒಗೆಯುವ ಹೆಂಗಸರೆಲ್ಲ ಒದ್ದೆ ಕೈಯಲ್ಲೇ ಹತ್ತಿ ಬಂದಿದ್ದರು. ಅವರಲ್ಲಿ ಹಿರಿಯಳಾದ ದೊಡ್ಡಕ್ಕ ಆ ಬೆಡ್‌ಶೀಟನ್ನು ನಾಲ್ಕು ಮಡಿಕೆ ಮಾಡಿ ಮಗುವಿನ ಕೆಳಗೆ ಹಾಸಿದಳು.

"ಹೋಗಿ ಹೇಳಪ್ಪಾ ನಿಮ್ಮ ಸಾಹೇಬ್ರಿಗೆ. ಈ ಮಗೂಗೆ ಹಾಸಿಗೆ ಸಿಗೋವರೆಗೂ ಒಂದು ಬಟ್ಟೆನೂ ನೀರಿಗೆ ಬೀಳಲ್ಲ."

ಹೆಂಗಸರು ಒಬ್ಬೊಬ್ಬರಾಗಿ ನೆಲದ ಮೇಲೆ ಕೂತರು. ತಾಯಿಗೆ ಇದಾವುದೂ ಕೇಳಲಿಲ್ಲ. ಅವಳು ಮಗುವಿನ ಬಾಯಿಗೆ ಕಿವಿ ಹಚ್ಚಿ, ಬಾಯಿಬಡುಕಿಯ ಮುಂದಿನ ಉಸಿರಿಗೆ ಕಾಯುತ್ತಿದ್ದಳು.